ಕುಂಟು ಹೆಜ್ಜೆಯ ಸದ್ದು

ನಮ್ಮ ವಿಡಿಯೋ ಆಟದ ಶತ್ರುವಿಗೆ ಮುಖವಿರಲಿಲ್ಲ, ಹೆಜ್ಜೆಯ ಸದ್ದು ಮಾತ್ರ ಇತ್ತು. ಆ ಸದ್ದು ಸಮೀಪಿಸಿದಾಗಲೆಲ್ಲ ಆಟವನ್ನು ಆಡಿ ನೋಡುವ ನಮ್ಮ ಚುರುಕಿನ ಪರೀಕ್ಷಕಿ ಏಟು ತಿನ್ನುತ್ತಿದ್ದಳು. ಬೇರೆಲ್ಲ ಶತ್ರುಗಳಿಂದ ಕೂದಲೆಳೆಯ ಅಂತರದಲ್ಲಿ ಪಾರುಮಾಡುತ್ತಿದ್ದ ಅವಳ ಹೆಬ್ಬೆರಳು, ಅದೊಂದು ಬಂದಾಗ ಬಟನ್ ಮೇಲೆ ಹಾಗೆಯೇ ಕುಳಿತುಬಿಡುತ್ತಿತ್ತು.

"ಅಣ್ಣಾ, ನಿನ್ನ ಬಟನ್ ಕೆಟ್ಟೈತಿ," ಎನ್ನುತ್ತಿದ್ದಳು.

"ಬಟನ್ ಸರಿನ ಐತಿ ತಂಗಿ. ನಿನ್ನ ಕೈ ನಿದ್ದಿ ಹೊಡ್ಯಾಕತ್ತೈತಿ," ಎನ್ನುತ್ತಿದ್ದರು ನಮ್ಮ ಪ್ರೋಗ್ರಾಮರ್.

ಇದನ್ನು ತಾಂತ್ರಿಕ ದೋಷವೆಂದು ನಾವು ಗುರುತಿಸಿಕೊಂಡೆವು. ಬಟನ್ ಒತ್ತಿದ್ದಕ್ಕೂ ಪರದೆಯ ಮೇಲಿನ ಹೆಂಗಸು ಉರುಳಿ ತಪ್ಪಿಸಿಕೊಳ್ಳುವುದಕ್ಕೂ ನಡುವೆ ಎಲ್ಲೋ ವಿಳಂಬವಿದೆ ಎಂದು ಪ್ರೋಗ್ರಾಮರ್ ಬಹಳ ಹುಡುಕಿದರು. ಕಂಟ್ರೋಲರ್ ಬದಲಿಸಿದರು, ಕೋಡನ್ನು ಸಾಲು ಸಾಲಾಗಿ ಓದಿದರು. ವಿಳಂಬ ಎಲ್ಲೂ ಇರಲಿಲ್ಲ. ದಾಖಲೆಯ ಪ್ರಕಾರ ಅವಳು ತಡವಾಗಿ ಒತ್ತುತ್ತಿರಲಿಲ್ಲ, ಒತ್ತುತ್ತಲೇ ಇರಲಿಲ್ಲ.

ಬಾಗಲಕೋಟೆಯ ನವನಗರದಲ್ಲಿ, ಟೈಲರ್ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಾವು ಮೂವರು ಈ ಆ್ಯಕ್ಷನ್ ಆಟವನ್ನು ಕಟ್ಟುತ್ತಿದ್ದೆವು. ನಿಯಮ ಮತ್ತು ಹೋರಾಟದ ವಿನ್ಯಾಸ ನನ್ನದು. ಹುಬ್ಬಳ್ಳಿಯ ಪ್ರಕಾಶಕ ಕಂಪನಿಯೊಂದು ಆಟವನ್ನು ಹೊರತರುವ ವಿಚಾರದಲ್ಲಿತ್ತು. ಅವರು ಬೇಡವೆಂದರೆ ಕೋಣೆಗಳ ಕೀಲಿಯನ್ನು ಟೈಲರ್‌ಗೆ ಮರಳಿಸುವುದೊಂದೇ ನಮಗೆ ಉಳಿದ ದಾರಿಯಾಗಿತ್ತು. ಆಟದ ಕಥೆ ಇಷ್ಟು: ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಊರಿನ ಗೋಡೆಗಳು ಮೇಲೇಳುತ್ತವೆ, ಒಬ್ಬ ಹೆಂಗಸು ಕೈಯಲ್ಲಿ ಹಾರೆ ಹಿಡಿದು ಕೆಸರಿನ ಓಣಿಗಳಲ್ಲಿ ತನ್ನ ಮನೆ ಹುಡುಕುತ್ತಾಳೆ, ನೀರು ಮತ್ತೆ ಏರುವುದರೊಳಗೆ ಅವಳು ಹೊಸ್ತಿಲು ಮುಟ್ಟಬೇಕು. ಹಾರೆಯನ್ನು ಆರಿಸಿದವರು ಪ್ರೋಗ್ರಾಮರ್. ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಹಳೆ ಬಾಗಲಕೋಟೆಯನ್ನು ಬಿಟ್ಟು ಬರುವಾಗ ಅವರ ಅಬ್ಬಾ ಹಾರೆಯಿಂದಲೇ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಹೇರಿಕೊಂಡು ಬಂದಿದ್ದರು. ಆ ಬಾಗಿಲು ಇಂದಿಗೂ ನವನಗರದ ಅವರ ಮನೆಯಲ್ಲಿದೆ. ಮನೆ ಸಣ್ಣದು, ಬಾಗಿಲು ದೊಡ್ಡದು.

ಮೊದಲ ಆವೃತ್ತಿಯಲ್ಲಿ ನಾನು ಈ ಬಗೆಯ ಆಟಗಳ ರೂಢಿಯನ್ನೇ ಅನುಸರಿಸಿದೆ. ಹೊಡೆದರೆ ಆಟಗಾರ್ತಿಯ ಕಳೆದ ಜೀವ ಮರಳುತ್ತಿತ್ತು. ಬಾಗಿಲು ಒಡೆದರೆ ಅಂಕ. ಹಿಂದಿನಿಂದ ನೀರು ಏರುತ್ತಿದ್ದುದರಿಂದ ನಿಲ್ಲುವವರಿಗೆ ಸಾವು. ಕಾಲೇಜೊಂದರ ಕಂಪ್ಯೂಟರ್ ಕೋಣೆಯಲ್ಲಿ ಮೊದಲ ಪರೀಕ್ಷೆ ನಡೆಯಿತು. ವಿದ್ಯಾರ್ಥಿಗಳು ನಕ್ಕರು, ಕೂಗಾಡಿದರು, ಓಡಿದರು, ಕಂಡ ಬಾಗಿಲನ್ನೆಲ್ಲ ಮುರಿದರು. ಕೊನೆಯಲ್ಲಿ, ಪ್ರೋಗ್ರಾಮರ್ ತಿಂಗಳುಗಟ್ಟಲೆ ಕೂತು ಕಟ್ಟಿದ ಮನೆಗಳ ಬಗ್ಗೆ ಕೇಳಿದೆ.

"ಮನಿ? ಯಾವ ಮನಿರಿ ಮೇಡಂ?" ಎಂದ ಒಬ್ಬ. "ಬಾಗ್ಲಾ ಒಡದೇವಲ್ರಿ, ಭಾರಿ ಮಜಾ ಬಂತು."

ಅವನದೇನೂ ತಪ್ಪಿಲ್ಲ. ಆಟಗಾರನ ಸ್ವಭಾವವನ್ನು ನಾವು ನೋಡುತ್ತಿದ್ದೇವೆ ಎಂದು ಭಾವಿಸುತ್ತೇವೆ. ನೋಡುತ್ತಿರುವುದು ನಾವೇ ಬರೆದ ನಿಯಮವನ್ನು. ಹೊಡೆತಕ್ಕೆ ಜೀವ ಕೊಟ್ಟರೆ ಸೌಮ್ಯನೂ ಹೊಡೆಯುತ್ತಾನೆ. ನಿಂತವನನ್ನು ಕೊಂದರೆ ಯಾರೂ ನಿಂತು ನೋಡುವುದಿಲ್ಲ. ಜನರನ್ನು ಎಬ್ಬಿಸಿ ಊರನ್ನು ನೀರಿಗೆ ಬಿಟ್ಟದ್ದು ಒಂದು ಅನ್ಯಾಯ. ಅದೇ ಊರನ್ನು ಅಂಕಗಳ ಆಸೆಗೆ ಮತ್ತೊಮ್ಮೆ ಒಡೆಸುವುದು ಇನ್ನೊಂದು. ಎರಡನೆಯದನ್ನು ತಡೆಯುವುದು ನಮ್ಮ ಕೈಯಲ್ಲೇ ಇತ್ತು.

ಬಾಗಿಲಿನ ಅಂಕ ತೆಗೆದೆ, ನೀರು ಏರುವುದನ್ನೂ ನಿಧಾನಗೊಳಿಸಿದೆ. ಆಗ ಆಟಗಾರರು ಬಾಗಿಲಲ್ಲೇ ನಿಂತು, ಶತ್ರುಗಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಬಡಿಯತೊಡಗಿದರು. ಅತ್ಯಂತ ಸುರಕ್ಷಿತ, ಅತ್ಯಂತ ನೀರಸ. ಶತ್ರುಗಳ ಏಟಿನ ಬಲ ಹೆಚ್ಚಿಸಿದೆ. ಅವರು ಓಣಿಯುದ್ದಕ್ಕೂ ಉರುಳುತ್ತಲೇ ಹೋದರು, ಏಕೆಂದರೆ ಉರುಳುವಾಗ ಏಟು ತಾಗದ ಕ್ಷಣವನ್ನು ನಾನು ಉದಾರವಾಗಿ ಉದ್ದ ಇಟ್ಟಿದ್ದೆ. ಬಾದಾಮಿಯಲ್ಲಿ ಪ್ರವಾಸಿಗರಿಗೆ ಗುಹೆ ತೋರಿಸುವ ಗೈಡ್ ಒಬ್ಬರು ಮಾತ್ರ ವಿಚಿತ್ರವಾಗಿ ಆಡಿದರು: ಹಿಮ್ಮುಖವಾಗಿ ನಡೆಯುತ್ತ, ಬಂದ ದಾರಿಯನ್ನೇ ನೋಡುತ್ತ. ಹಾಗೇಕೆಂದು ಕೇಳಿದಾಗ, "ದಿನಾ ಮಂದಿಗೆ ಮುಖ ಮಾಡಿ ಹಿಂದಕ ನಡದು ರೂಢಿರಿ. ಬೆನ್ನ ಹಿಂದ ಏನೈತಿ ಅಂತ ಕಿವಿ ಹೇಳ್ತೈತಿ," ಎಂದರು.

ಕಿವಿ. ಅಂದೇ ನಿರ್ಧರಿಸಿದೆ: ಉರುಳುವ ಕ್ಷಣವನ್ನು ಬಹಳ ಕಿರಿದು ಮಾಡುವುದು, ಶತ್ರುಗಳಲ್ಲೊಬ್ಬನನ್ನು ಕಾಣದಂತೆ ಮಾಡುವುದು, ಏಟು ಬೀಳುವ ಸೂಚನೆಯನ್ನು ಸದ್ದಿನಲ್ಲಿ ಮಾತ್ರ ಕೊಡುವುದು. ಆಲಿಸದೆ ಯಾರೂ ಬದುಕಬಾರದು, ಆಲಿಸಬೇಕಾದರೆ ನಿಧಾನಿಸಲೇಬೇಕು.

ಸದ್ದು ಇಳಕಲ್ಲಿನಿಂದ ಬಂತು. ಪರೀಕ್ಷಕಿಯ ಮನೆ ಅಲ್ಲಿಯ ನೇಕಾರರ ಓಣಿಯಲ್ಲಿ. ಅಣ್ಣ ತಮ್ಮಂದಿರ ಎರಡು ಮನೆಗಳು, ನಡುವೆ ಒಂದೇ ಗೋಡೆ. ಹಿಂದೊಮ್ಮೆ ಪ್ರೋಗ್ರಾಮರ್ ಅಲ್ಲಿ ಮಗ್ಗದ ಸದ್ದು ಹಿಡಿಯಲು ಹೋಗಿದ್ದರು. ಧ್ವನಿಯಂತ್ರವನ್ನು ಆ ಗೋಡೆಯ ಗೂಡಿನಲ್ಲಿಟ್ಟು, ಓಡಲು ಬಿಟ್ಟು, ಚಹಾ ಕುಡಿಯಲು ಹೊರಟರು. ಮರಳಿದಾಗ ಓಣಿಯಲ್ಲಿ ಜನ ಸೇರಿದ್ದರು. ಪಕ್ಕದ ಮನೆಯಲ್ಲಿ ಸಾವು. ಪರೀಕ್ಷಕಿಯ ದೊಡ್ಡಪ್ಪ ಮಗ್ಗದ ಮೇಲೆಯೇ ತೀರಿಕೊಂಡಿದ್ದರು. ಪ್ರೋಗ್ರಾಮರ್ ಮಣ್ಣಿಗೆ ಹೋಗಿ, ಯಂತ್ರ ಎತ್ತಿಕೊಂಡು, ಹಿಂದಿರುಗಿದ್ದರು. ಆ ಧ್ವನಿಯ ಕಡತ ಬಹುಕಾಲ ಹಾಗೆಯೇ ಬಿದ್ದಿತ್ತು.

ಈಗ ಅದನ್ನು ತೆರೆದು, ತರಂಗದ ಗೆರೆಗಳನ್ನು ಕಣ್ಣಿಂದಲೇ ನೋಡಿ ಕತ್ತರಿಸಿದೆವು. ಹಲವು ಮಗ್ಗಗಳ ನಡುವೆ ಒಂದರ ಬಡಿತ ಬೇರೆಯಿತ್ತು: ಟಕ್, ಅದರ ಬಾಲದಲ್ಲೇ ಇನ್ನೊಂದು ಸಣ್ಣ ಟ್ಟ. ಕಾಲೆಳೆಯುವವನ ನಡಿಗೆಯಂತೆ. ಸ್ವರವನ್ನು ತಗ್ಗಿಸಿ ಭಾರ ಮಾಡಿದಾಗ ಮೈಮೇಲೆ ಮುಳ್ಳೆದ್ದವು. ಅದೇ ನಮ್ಮ ಕಾಣದ ಶತ್ರುವಿನ ಹೆಜ್ಜೆಯಾಯಿತು. ಕಡತದ ಕೊನೆಯಲ್ಲಿ ಮಗ್ಗಗಳು ಒಂದೊಂದಾಗಿ ನಿಲ್ಲುವ ಭಾಗವಿತ್ತು. ಅದನ್ನು ಶತ್ರು ಎರಗುವ ಮುನ್ನಿನ ಸೂಚನೆ ಮಾಡಿದೆವು. ನಡುವಿನ ದೀರ್ಘ ಖಾಲಿಯನ್ನೂ ಕೆಲವು ಮಂದ ಬಡಿತಗಳನ್ನೂ ಆಟದ ವೇಗಕ್ಕೆ ಒಗ್ಗದವು ಎಂದು ತೆಗೆದುಹಾಕಿದೆವು.

ಪ್ರಕಾಶಕರ ಪ್ರತಿನಿಧಿ ಫೋನಿನಲ್ಲಿ ಹಿಗ್ಗಿದರು. "ಆ ಕುಂಟ ಬರ್ತಾನಲ್ರಿ, ಅದ ನಿಮ್ಮ ಆಟದ ಜೀವಾ."

ಆಟಗಾರರು ನಿಧಾನವಾದರು. ಬಾಗಲಕೋಟೆಯಲ್ಲೂ ಬಾದಾಮಿಯಲ್ಲೂ ಅವರು ಗೋಡೆಗೆ ಒರಗಿ, ಉಸಿರು ಬಿಗಿಹಿಡಿದು, ಸದ್ದು ಯಾವ ಓಣಿಯಿಂದ ಬರುತ್ತಿದೆ ಎಂದು ಆಲಿಸಿದರು. ಸರಿಯಾದ ಕ್ಷಣಕ್ಕೆ ಉರುಳಿ ಪಾರಾದಾಗ ಅವರ ಮುಖದ ಮೇಲೆ ಮೂಡುತ್ತಿದ್ದ ನಗೆ ಮೊದಲ ಆವೃತ್ತಿಯ ಕೂಗಾಟಕ್ಕಿಂತ ಆಳವಾಗಿತ್ತು. ಆಲಿಸಲಾಗದೆ ಸಾಯುತ್ತಿದ್ದವಳು ನಮ್ಮ ಪರೀಕ್ಷಕಿಯೊಬ್ಬಳೇ.

"ಅಕ್ಕಾರ, ಒಮ್ಮೆ ನಮ್ಮೂರಾಗ ಆಡ್ಸಿ ನೋಡೂಣ್ರಿ," ಎಂದಳು ಅವಳೇ ಒಂದು ದಿನ. "ನಂದಷ್ಟ ಕೈ ಕೆಟ್ಟೈತೋ, ಮತ್ತ್ಯಾರ್ದರೆ ಕೆಟ್ಟೈತೋ ಗೊತ್ತಾಗ್ಲಿ."

ಮಟಮಟ ಮಧ್ಯಾಹ್ನ ಇಳಕಲ್ ತಲುಪಿದೆವು. ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಇರಲಿಲ್ಲ. ಮನೆಮನೆಯಿಂದ ಮಗ್ಗದ ಸದ್ದು ಮಾತ್ರ. ಪರೀಕ್ಷಕಿಯ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಅವಳ ತಮ್ಮನಿಗೂ ನೆರೆಯ ಇಬ್ಬರು ನೇಕಾರರಿಗೂ ಸರದಿಯಂತೆ ಕಂಟ್ರೋಲರ್ ಕೊಟ್ಟೆವು. ಹೆಡ್‌ಫೋನ್ ಇರಲಿಲ್ಲ; ಸ್ಪೀಕರ್‌ನಿಂದಲೇ ಸದ್ದು.

ಕುಂಟು ಹೆಜ್ಜೆ ಸಮೀಪಿಸಿತು. ಯಾರೂ ಹೆದರಲಿಲ್ಲ. ಅವಳ ತಮ್ಮ ಪರದೆಯ ಹೆಂಗಸನ್ನು ಸದ್ದಿನ ಕಡೆಗೇ ನಡೆಸಿದ, ಮನೆಗೆ ಬಂದವನಂತೆ ಭುಜ ಸಡಿಲಿಸಿ. ಆಮೇಲೆ ಆಟದಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ಪಡಸಾಲೆಯಲ್ಲಿದ್ದ ಅಷ್ಟೂ ಜನ ಒಟ್ಟಿಗೆ ಪರದೆ ಬಿಟ್ಟು ಬಾಗಿಲ ಕಡೆ ತಿರುಗಿದರು. ಕಂಟ್ರೋಲರ್ ನೆಲ ಸೇರಿತ್ತು. ಪಕ್ಕದ ಮನೆಯಿಂದ ಒಬ್ಬ ಹೆಂಗಸು ಸೆರಗು ಸರಿಪಡಿಸಿಕೊಳ್ಳುತ್ತ ಹೊಸ್ತಿಲಿಗೆ ಬಂದು ಕೇಳಿದರು:

"ಯಾರ ಹ್ವಾದ್ರು?"

ಅವರು ಪರೀಕ್ಷಕಿಯ ದೊಡ್ಡವ್ವ, ತೀರಿಕೊಂಡ ದೊಡ್ಡಪ್ಪನ ಹೆಂಡತಿ. ಹೊರಗೆ ನಿಜವಾದ ಮಗ್ಗಗಳು ನಡೆದೇ ಇದ್ದವು.

ಆ ಓಣಿಯ ಪದ್ಧತಿಯನ್ನು ಅವಳ ತಮ್ಮ ವಿವರಿಸಿದ. ಯಾರಾದರೂ ತೀರಿಕೊಂಡರೆ ಕೂಗಿ ಹೇಳುವುದಿಲ್ಲ. ಸತ್ತವರ ಪಕ್ಕದ ಮಗ್ಗ ನಿಲ್ಲುತ್ತದೆ, ಆಮೇಲೆ ಅದರ ಪಕ್ಕದ್ದು, ಹೀಗೆ ಮೌನವೇ ಮನೆಯಿಂದ ಮನೆಗೆ ಸಾಗಿ ಸುದ್ದಿ ಮುಟ್ಟಿಸುತ್ತದೆ. ಅದು ಮುಟ್ಟಿದ ಮನೆಯವರು ಎದ್ದು ಬಾಗಿಲಿಗೆ ಬರುತ್ತಾರೆ. ಹೊರಗಿನವರಾದ ನಮಗೆ ಮಗ್ಗದ ಬಡಿತ ಭೀಕರವಾಗಿ ಕೇಳಿತ್ತು. ಅವರಿಗೆ ಅದು ಮನೆಯ ಉಸಿರು, ಅದು ನಿಲ್ಲುವುದೇ ಭಯ.

ದೊಡ್ಡವ್ವ ಲ್ಯಾಪ್‌ಟಾಪ್ ಎದುರು ಕುಳಿತರು. "ಇನ್ನೊಮ್ಮೆ ಹಚ್ಚು," ಎಂದರು. ಕುಂಟು ಹೆಜ್ಜೆ ಮತ್ತೆ ಬಂತು. ಅವರು ಸ್ಪೀಕರ್ ಮೇಲೆ ಅಂಗೈ ಇಟ್ಟರು.

"ಇದು ನಮ್ಮ ಮನಿಯವ್ರ ಮಗ್ಗ. ಎಳಿ ಬಡಿಯೋ ಹಲಗಿ ಸೀಳಿತ್ತು, ಎರಡೆರಡ ಸಲ ಬಡೀತಿತ್ತು. ಬದಲ ಮಾಡ್ಸರಿ ಅಂತ ನಾನ ಜಗಳಾ ತಗದಿದ್ದೆ."

ಪರೀಕ್ಷಕಿ ತನ್ನ ಬಲಗೈಯನ್ನೇ ನೋಡುತ್ತಿದ್ದಳು. "ನನಗ ಗೊತ್ತಾಗಿರ್ಲಿಲ್ರಿ ಅಕ್ಕಾರ," ಎಂದಳು. "ದನಿ ಇಳ್ಸಿದ್ರಿ ನೀವು, ಗುರ್ತ ಹತ್ಲಿಲ್ಲ. ಕೈಗೆ ಗುರ್ತ ಹತ್ತಿತ್ತು."

ನಾವು ಮಾಡಿದ್ದೇನೆಂಬುದನ್ನು ಹೆಸರಿಟ್ಟು ಹೇಳಬೇಕು. ದುಡಿಯುವ ಮನುಷ್ಯನೊಬ್ಬನ ಸದ್ದನ್ನು, ಅದು ಯಾರದೆಂದು ಕೇಳದೆ ತೆಗೆದುಕೊಂಡೆವು. ಅದನ್ನು ತಗ್ಗಿಸಿ, ತಿರುಚಿ ಪಿಶಾಚಿಯ ಕಾಲಿಗೆ ಕಟ್ಟಿದೆವು. ಅವನ ಸಾವಿನ ಸುದ್ದಿಯನ್ನು ಏಟಿನ ಸೂಚನೆ ಮಾಡಿದೆವು. ಕೈಮಗ್ಗದ ಸೀರೆಯನ್ನು ಹೊಗಳಿ, ನೇಯ್ದವನ ಹೆಸರು ಕೇಳದ ಸಂತೆಗೂ ನಮಗೂ ಆ ದಿನ ವ್ಯತ್ಯಾಸವಿರಲಿಲ್ಲ.

ದೊಡ್ಡವ್ವ ಬೈಯಲಿಲ್ಲ. ಅವರಿಗೆ ಬೇಕಾದದ್ದು ಬೇರೆಯಿತ್ತು. "ಅವತ್ತ ನಾ ಹುನಗುಂದದ ದವಾಖಾನ್ಯಾಗ ತಂಗಿನ್ನ ನೋಡಾಕ ಹೋಗಿದ್ದೆ," ಎಂದರು ಪ್ರೋಗ್ರಾಮರ್‌ಗೆ. "ಬರೂದ್ರಾಗ ಎಲ್ಲಾ ಮುಗದಿತ್ತು. ತಮ್ಮಾ, ನಿನ್ನ ಯಂತ್ರದಾಗ ಪೂರಾ ಐತೇನು? ನನ್ನ ಕರದ್ರೇನು ಅವರು? ಅಷ್ಟ ಹೇಳು."

ಪೂರ್ತಿ ಕಡತ ಪ್ರೋಗ್ರಾಮರ್ ಬಳಿ ಇತ್ತು, ಆದರೆ ನಾವಿಬ್ಬರೂ ಅದನ್ನು ಪೂರ್ತಿ ಕೇಳಿರಲಿಲ್ಲ. ಅವರು ನನ್ನ ಮುಖ ನೋಡಿದರು. ಕೇಳಿಸದಿದ್ದರೆ ಅವರ ಸತ್ಯವನ್ನು ನಾವು ಬಚ್ಚಿಟ್ಟಂತೆ. ಕೇಳಿಸಿದರೆ, ಯಾರೂ ಬಾರದ ಮನೆಯಲ್ಲಿ ಆ ಮನುಷ್ಯ ಕೂಗಿದ್ದಿದ್ದರೆ ಆ ಕೂಗು ಅವರ ಕಿವಿಯಲ್ಲಿ ಬದುಕಿನುದ್ದಕ್ಕೂ ಉಳಿಯಬಹುದು. ಆದರೆ ಇದನ್ನು ತೀರ್ಮಾನಿಸುವ ಹಕ್ಕು ನಮಗಿರಲಿಲ್ಲ. ಏನು ಕೇಳಬಹುದೋ ಗೊತ್ತಿಲ್ಲವೆಂದೂ, ಬೇಡವೆನಿಸಿದ ಕ್ಷಣ ಕೈಯೆತ್ತಬೇಕೆಂದೂ ದೊಡ್ಡವ್ವನಿಗೆ ಹೇಳಿದೆ. ಅವರು ಎದ್ದು ತಮ್ಮ ಮನೆಗೆ ನಡೆದರು. "ಅಲ್ಲೇ ಹಚ್ಚು. ಅವರ ಮನ್ಯಾಗ ಕೇಳ್ಲಿ."

ಅದು ಕುಣಿಮಗ್ಗ, ನೇಯುವವರು ಕಾಲುಗಳನ್ನು ನೆಲದ ಕುಣಿಯೊಳಗೆ, ತುಳಿಯುವ ಹಲಗೆಗಳ ಮೇಲೆ ಇಳಿಬಿಟ್ಟು ಕುಳಿತುಕೊಳ್ಳುತ್ತಾರೆ. ಕುಣಿಯಲ್ಲಿ ತಂಪು ಕತ್ತಲೆಯಿತ್ತು. ಅರ್ಧ ನೇಯ್ದ ಸೀರೆಯನ್ನು ದೊಡ್ಡವ್ವ ಮಗ್ಗದಿಂದ ಇಳಿಸಿರಲಿಲ್ಲ. ಹಳೆ ಧೋತರ ಹೊದಿಸಿ ಬಿಟ್ಟಿದ್ದರು. ಪ್ರೋಗ್ರಾಮರ್ ಸ್ಪೀಕರನ್ನು ಅದರ ಪಕ್ಕದಲ್ಲಿಟ್ಟು, ತಗ್ಗಿಸದ ಮೂಲ ಧ್ವನಿಯನ್ನು ಹಚ್ಚಿದರು.

ಟಕ್ ಟ್ಟ. ಟಕ್ ಟ್ಟ. ಖಾಲಿ ಮಗ್ಗದ ಬಳಿಯಿಂದ ಆ ಸದ್ದು ಹೊರಟು ಕಿಟಕಿಯಾಚೆ ಹೋಯಿತು. ಓಣಿಯಲ್ಲಿ ನಿಜವಾದ ಮಗ್ಗವೊಂದು ನಿಂತಿತು. ಇನ್ನೊಂದು ನಿಂತಿತು. ಬಾಗಿಲ ಬಳಿ ನೆರಳುಗಳು ಕೂಡಿದವು. ಯಾರೂ ಒಳಗೆ ಬರಲಿಲ್ಲ. ಸುಡುಬಿಸಿಲಿನಲ್ಲಿ ಇಡೀ ಓಣಿ, ಮಣ್ಣಾದವನ ಮಗ್ಗ ನಡೆಯುವುದನ್ನು ಕೇಳುತ್ತ ನಿಂತಿತ್ತು.

ಸ್ಪೀಕರ್‌ನೊಳಗೆ ಬಡಿತ ನಿಂತಿತು. ದೂರದ ಮಗ್ಗಗಳು ನಡೆದೇ ಇದ್ದವು. ದೊಡ್ಡವ್ವನ ತುಟಿಗಳು ಅಲುಗಿದವು, ಕೈ ಮೇಲೇಳಲಿಲ್ಲ. ಬಹಳ ಹೊತ್ತು ಏನೂ ಇಲ್ಲ. ನಾವು ನೀರಸವೆಂದು ಕತ್ತರಿಸಿದ ಖಾಲಿ ಇದೇ. ಆಮೇಲೆ ಟಕ್. ಬಿಡುವು. ಟಕ್ ಟ್ಟ. ಮತ್ತೂ ದೀರ್ಘ ಬಿಡುವು. ಇನ್ನೊಂದು, ಬಲವಿಲ್ಲದ್ದು. ಅಲ್ಲಿಗೆ ಆ ಬಡಿತ ಮುಗಿಯಿತು; ಆಮೇಲೆ ದೂರದ ಮಗ್ಗಗಳು ಒಂದೊಂದಾಗಿ ನಿಂತವು. ಕೂಗಿನ ಸುಳಿವಿರಲಿಲ್ಲ.

ಗೋಡೆಯಾಚೆಯ ಸಣ್ಣ ದನಿ ಯಂತ್ರಕ್ಕೆ ಸಿಕ್ಕಿರದಿರಬಹುದು ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು, ಹೇಳಿದೆ.

ದೊಡ್ಡವ್ವ ಧೋತರ ಸರಿಸಿ, ಸೀರೆಯ ತುದಿಯ ಮೇಲೆ ಬೆರಳಾಡಿಸಿದರು. ಒತ್ತಾದ ನೇಯ್ಗೆಯ ಕೊನೆಯಲ್ಲಿ ಕೆಲವು ಎಳೆಗಳು ಸಡಿಲವಾಗಿ, ನಡುವೆ ಬೆಳಕು ಬಿಟ್ಟುಕೊಂಡು ಕುಳಿತಿದ್ದವು.

"ಈ ಸಡ್ಲ ಯಾಕ ಬಂತಂತ ಇಷ್ಟ ದಿನಾ ತಿಳೀಲಿಲ್ಲ ನನಗ," ಎಂದರು. "ಅವರ ಕೈಯಾಗ ಹಿಂಗ ಬರೂದ ಇಲ್ಲ." ನನ್ನತ್ತ ತಿರುಗಿ, "ಕರಿಯೋ ಮನಷ್ಯಾ ಕುಣಿಯಿಂದ ಕಾಲ ಮ್ಯಾಲ ತಗೀತಾನ್ರಿ ಅಕ್ಕಾರ. ಇವ್ರು ತಗೀಲಿಲ್ಲ. ಕಡೀತನಾ ತುಳದಾರ."

ಬಾಗಿಲ ಬಳಿಯ ನೆರಳೊಂದು ಅಳತೊಡಗಿತು. ದೊಡ್ಡವ್ವ ಅಳಲಿಲ್ಲ. "ಒಂದ ಮಾತು," ಎಂದರು. "ನಿಮ್ಮ ಆಟದಾಗ ಅವರು ಯಾರನ್ನೂ ಹೊಡೀಬಾರ್ದು. ಜೀವಮಾನದಾಗ ನನ್ನ ಮ್ಯಾಲ ಸೈತ ಕೈ ಎತ್ತದ ಮನಷ್ಯಾ. ನನಗ ತೋರ್ಸದ ಹೊರಗ ಬಿಡಬ್ಯಾಡ್ರಿ."

ನವನಗರಕ್ಕೆ ಮರಳಿ ಪ್ರತಿನಿಧಿಗೆ ಫೋನ್ ಮಾಡಿದೆ. ಕುಂಟ ಇರುವುದಿಲ್ಲ ಎಂದೆ.

"ಹಂಗಾರ ಆಟ ಏನ ಉಳೀತ್ರಿ? ಅವರಿಗೆ ಏನರೆ ಒಂದೀಟ ಕೊಟ್ಟು ಒಪ್ಸರಿ."

"ಅವರು ಕೇಳಿದ್ದು ದುಡ್ಡಲ್ಲ ಸರ್."

"ಮತ್ತ ನಿಮ್ಮ ಆಟ ತಗೊಳ್ಳೋದು ನಮಗ ಕಷ್ಟ ಆಗ್ತೈತಿ ನೋಡ್ರಿ."

ಫೋನಿಟ್ಟು ತಂಡದವರನ್ನು ಕೇಳಿದೆ. ಪ್ರೋಗ್ರಾಮರ್ ಆಗಲೇ ಕುಂಟು ಹೆಜ್ಜೆಯ ಕಡತವನ್ನು ಅಳಿಸಿದ್ದರು. ಮೂಲವನ್ನು ದೊಡ್ಡವ್ವನಿಗೆ ಕೊಟ್ಟು, ತಮ್ಮ ಬಳಿ ಪ್ರತಿ ಇಟ್ಟುಕೊಂಡಿರಲಿಲ್ಲ.

ನಿಯಮವನ್ನು ತಲೆಕೆಳಗು ಮಾಡಿದೆ. ಹೊಸ ಆವೃತ್ತಿಯಲ್ಲಿ ಮಗ್ಗದ ಸದ್ದಿರುವಲ್ಲಿ ಆಟಗಾರ್ತಿ ಸುರಕ್ಷಿತಳು. ಅಲ್ಲಿ ಜೀವ ಮರಳುತ್ತದೆ, ಹೊಡೆತದಿಂದಲ್ಲ. ಕೆಸರಿನಿಂದೇಳುವ ಶತ್ರುಗಳೊಡನೆ ಹೋರಾಟ ಉಂಟು, ಆದರೆ ಹಾರೆಯ ಪ್ರತಿ ಏಟು ಸದ್ದು ಮಾಡಿ ಮಗ್ಗಗಳ ದನಿಯನ್ನು ಮುಚ್ಚಿಹಾಕುತ್ತದೆ. ಮಗ್ಗಗಳು ಒಂದೊಂದಾಗಿ ನಿಂತರೆ ಆ ಮೌನ ಓಣಿಯುದ್ದಕ್ಕೂ ನಡೆದುಬರುತ್ತದೆ. ಅದಕ್ಕೆ ಆಕಾರವಿಲ್ಲ, ಅದನ್ನು ಹೊಡೆಯಲಾಗದು, ಉರುಳಿ ತಪ್ಪಿಸಿಕೊಳ್ಳಲೂ ಆಗದು. ಹಾರೆ ಇಳಿಸಿ ಯಾವುದಾದರೂ ಮನೆಯ ಬಾಗಿಲಲ್ಲಿ ನಿಲ್ಲಬೇಕು. ನಿಂತವರನ್ನು ಅದು ದಾಟಿ ಹೋಗುತ್ತದೆ.

ಇದಕ್ಕೆ ಹೊಸ ಸದ್ದು ಬೇಕಿತ್ತು. ಓಣಿಯವರನ್ನು ಕೇಳಿದೆವು, ಒಪ್ಪಿದವರದನ್ನಷ್ಟೇ ಹಿಡಿದೆವು. ಒಪ್ಪಿದ ಪ್ರತಿಯೊಬ್ಬರ ಹೆಸರೂ ಆಟದ ಕೊನೆಯಲ್ಲಿದೆ. ಮಗ್ಗಕ್ಕೆ ಹಾಸಿನ ಉದ್ದೆಳೆ ಹೂಡುವ, ನೂಲು ಸುತ್ತುವ, ಆದರೂ 'ಕೈಗೂಡಿಸುವವರು' ಎಂದಷ್ಟೇ ಕರೆಸಿಕೊಳ್ಳುವ ಹೆಂಗಸರ ಹೆಸರೂ ಇದೆ. ದೊಡ್ಡವ್ವನನ್ನು ನಾವು ಕೇಳಿರಲಿಲ್ಲ. ಅವರೇ ಕರೆಸಿದರು. ಸೀಳಿದ ಹಲಗೆ ಹಾಗೆಯೇ ಇತ್ತು. ಸಡಿಲ ಎಳೆಗಳನ್ನು ಬಿಚ್ಚದೆ, ಅವುಗಳ ಮುಂದಿನಿಂದಲೇ ಅವರು ನೇಯಲು ಕುಳಿತಿದ್ದರು.

"ಇದು ನನ್ನ ಸದ್ದು," ಎಂದರು. "ಇದನ್ನ ಹಿಡ್ಕೋರಿ."

ಕೊನೆಗೆ ಪ್ರತಿನಿಧಿ ನೋಡಿಯೇ ಬಿಡೋಣವೆಂದು ತಾವೇ ಬಂದರು. ಮೊದಲ ಸುತ್ತಿನಲ್ಲಿ ಮೌನಕ್ಕೆ ಹಾರೆ ಬೀಸಿ ಸತ್ತರು. ಎರಡನೆಯದರಲ್ಲಿ ಓಡಿ ಸತ್ತರು. "ಇದೇನ್ರಿ, ಸುಮ್ಮನ ನಿಂದ್ರೂದೂ ಒಂದ ಆಟೇನು?" ಎಂದು ಗೊಣಗಿ ಮತ್ತೆ ಆಡಿದರು. ಆ ಬಾರಿ ಮಗ್ಗಗಳು ನಿಲ್ಲತೊಡಗಿದಾಗ ಅವರ ಹೆಬ್ಬೆರಳು ಬಟನ್‌ನಿಂದ ಮೇಲೆದ್ದಿತು. ಕೊನೆಯ ಮಗ್ಗ ನಿಂತಿತು. ಅವರು ಪರದೆ ಬಿಟ್ಟು ನಮ್ಮ ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಕೆಳಗೆ ಟೈಲರ್‌ನ ಮಷಿನ್ ಕೂಡ ಆಗಲೇ ಏಕೆ ನಿಂತಿತೋ ನಾನರಿಯೆ. ಪ್ರತಿನಿಧಿ ಹಣೆಯ ಬೆವರು ಒರೆಸಿಕೊಂಡು, ಆಟ ಮುಗಿಯುವವರೆಗೆ ಎದ್ದೇಳಲಿಲ್ಲ. ಒಪ್ಪಿಗೆಯ ಮಾತನ್ನು ಹೋಗುವಾಗ ಮೆಟ್ಟಿಲ ಮೇಲೆ ಹೇಳಿದರು.

ಆದರೆ ಹೊರಗೆ ಬಿಡುವ ಅಪ್ಪಣೆ ಅವರದಾಗಿರಲಿಲ್ಲ. ಮುಗಿದ ಆಟವನ್ನು ಇಳಕಲ್ಲಿಗೆ ಒಯ್ದೆವು. ದೊಡ್ಡವ್ವ ಕಂಟ್ರೋಲರ್ ಮುಟ್ಟಲಿಲ್ಲ, ಪರೀಕ್ಷಕಿಯೇ ಆಡಿದಳು. ಅವಳ ಹೆಬ್ಬೆರಳು ಈಗ ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ಓಣಿಯಲ್ಲಿ, ಹುಡುಕಿಬಂದ ಮನೆಯ ಒಳಗಿನಿಂದ ಟಕ್ ಟ್ಟ ಎಂದು ಕೇಳಿಸಿದಾಗ ಪರದೆಯ ಹೆಂಗಸು ಹೊಸ್ತಿಲ ಬಳಿ ನಿಂತಳು.

"ಈ ಸದ್ದ ಕೇಳಿ ಮಂದಿ ಏನ ಮಾಡ್ತಾರ?" ದೊಡ್ಡವ್ವ ಕೇಳಿದರು.

"ನಿಂದರ್ತಾರ್ರಿ," ಎಂದರು ಪ್ರೋಗ್ರಾಮರ್.

"ಓಡೂದಿಲ್ಲ?"

"ಓಡೂದಿಲ್ರಿ."

"ಹೊಡ್ಯೂದಿಲ್ಲ?"

"ಹಾರೆ ಕೆಳಗ ಇಡ್ತಾರ್ರಿ."

ಅವರು ತಲೆಯಾಡಿಸಿದರು. "ಹಂಗಾರ ಬಿಡ್ರಿ ಹೊರಗ." ಮಗ್ಗದ ಬಳಿ ಹೋಗಿ, ಕಾಲುಗಳನ್ನು ಕುಣಿಯ ಕತ್ತಲೆಗೆ ಇಳಿಬಿಟ್ಟು, ಲಾಳಿ ತೆಗೆದುಕೊಂಡರು. ಬಡಿತ ಶುರುವಾಯಿತು. ನಾವು ಮೂವರೂ ಯಾವಾಗ ಎದ್ದು ಹೋಗಿ ಬಾಗಿಲಲ್ಲಿ ನಿಂತೆವೋ, ನಮಗೇ ತಿಳಿಯಲಿಲ್ಲ.